ಪೆಟ್ಟಾದ ಕುದುರೆಯ ಆರೈಕೆ: ರಾತ್ರಿ 9ರವರೆಗೆ ಪ್ರಶ್ನೆ ಕೇಳಿ

ಡಾಕ್ಟರ್: ನಾನು ಪಶುವೈದ್ಯೆ. ಪೆಟ್ಟಾದ ಕುದುರೆಗಳನ್ನು ಮತ್ತೆ ನಡೆಸಿ, ಓಡಿಸಿ ತಯಾರು ಮಾಡುವುದು, ಆಸ್ಟಿಯೋಪತಿ ಕೈಚಿಕಿತ್ಸೆ ಮಾಡುವುದು ನನ್ನ ಕೆಲಸ. ಕೇಳಿ.

ಹೆಸರಘಟ್ಟ ಸವಾರ: ರೇಸ್ ಬಿಟ್ಟ ಥರೋಬ್ರೆಡ್, 7 ವರ್ಷ. ಎಡ ಮುಂಗಾಲಿನ ಹಿಂದಿನ ನರ ಬಾಳೆಕಾಯಿಯಂತೆ ಉಬ್ಬಿತ್ತು. 6 ವಾರವಾಯಿತು. ಊತ ಇಳಿದಿದೆ, ಕುಂಟುವುದಿಲ್ಲ. ಹಗ್ಗ ಕಟ್ಟಿ ಸುತ್ತ ಓಡಿಸಬಹುದಾ?

ಡಾಕ್ಟರ್: ಬೇಡ. ಅದು ನರ ಅಲ್ಲ, ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಊತ ಇಳಿಯಿತು ಅಂದರೆ ಮಾಗಿತು ಅಂತಲ್ಲ. ಟೆಂಡನ್‌ಗೆ ರಕ್ತದ ಓಡಾಟ ಕಡಿಮೆ. ಮಾಗಲು 9ರಿಂದ 12 ತಿಂಗಳು ಬೇಕು. ಈಗ ಗಟ್ಟಿ ನೆಲದಲ್ಲಿ, ನೇರವಾಗಿ, ಕೈಯಲ್ಲಿ ಹಿಡಿದು 10 ನಿಮಿಷ ನಡೆಸಿ. ನಿಧಾನಕ್ಕೆ 5 ನಿಮಿಷ ಸೇರಿಸುತ್ತಾ ಹೋಗಿ. ಓಡಿಸುವ ಮೊದಲು ಇನ್ನೊಮ್ಮೆ ಸ್ಕ್ಯಾನ್.

ಕನಕಪುರ ರಸ್ತೆ: ವಾಟ್ಸಾಪಿನಲ್ಲಿ ಬಂದಿದ್ದು. ಸುಣ್ಣ, ಅರಿಶಿನ, ಮೊಟ್ಟೆ ಕಲಸಿ 3 ದಿನ ಬಿಗಿಯಾಗಿ ಕಟ್ಟಿದರೆ ಟೆಂಡನ್ ಗಟ್ಟಿಯಾಗುತ್ತದಂತೆ.

ಡಾಕ್ಟರ್: ಸುಣ್ಣ ಚರ್ಮ ಸುಡುತ್ತದೆ. ಬಿಗಿ ಪಟ್ಟಿ ಚೆನ್ನಾಗಿರುವ ಟೆಂಡನ್ನನ್ನೂ ಕೆಡಿಸುತ್ತದೆ. ಕಳಿಸಿದವರ ಕಾಲಿಗೆ ಮೊದಲು ಕಟ್ಟಿ.

ಮೈಸೂರು ಟಾಂಗಾ: ನಮ್ಮ ತಾತ ಕಬ್ಬಿಣ ಕಾಸಿ ಬರೆ ಹಾಕುತ್ತಿದ್ದರು. ಕುದುರೆ ಮತ್ತೆ ಟಾಂಗಾ ಎಳೆಯುತ್ತಿತ್ತು.

ಯಲಹಂಕ: ಬರೆಯಿಂದಲ್ಲ ಸ್ವಾಮಿ. ಬರೆ ಗಾಯ ಮಾಗಲಿ ಅಂತ ಕೊಟ್ಟ ರಜೆಯಿಂದ.

ಮೈಸೂರು ಟಾಂಗಾ: ನೀವು ಒಂದು ದಿನವಾದರೂ ಲದ್ದಿ ಬಳಿದಿದ್ದೀರಾ? ನಮ್ಮ ಮನೆ ನಡೆದದ್ದೇ ಕುದುರೆಯಿಂದ.

ಯಲಹಂಕ: ಅದಕ್ಕೇ ಅದನ್ನು ಸುಡಬಾರದು.

ರಾಮನಗರ: ಕೆರೆಯಲ್ಲಿ ಈಜಿಸಿದರೆ ಒಳ್ಳೆಯದಾ ಡಾಕ್ಟರ್?

ತುಮಕೂರು: ನಮ್ಮ ಕುದುರೆಯ ಸೊಂಟದ ಮೂಳೆ ಜಾರಿತ್ತು. ಒಬ್ಬರು ಬಂದು ಟಕ್ ಅನ್ನಿಸಿ ಕೂರಿಸಿದರು. ತಿಂಗಳಿಗೊಮ್ಮೆ ಕೂರಿಸಬೇಕಂತೆ. ನಿಜವಾ?

ಡಾಕ್ಟರ್: ಜಾರಿರಲಿಲ್ಲ. ಆ ಕೀಲು ದಪ್ಪ ಮಾಂಸದ ಅಡಿಯಲ್ಲಿದೆ. ಕುದುರೆ 450 ಕೆಜಿ, ಕೈಯಲ್ಲಿ ಒತ್ತಿದರೆ ಮೂಳೆ ಕದಲುವುದಿಲ್ಲ. ಕೈಯಿಂದ ಆಗುವುದು ನೋವಿನ ಜಾಗ ಹುಡುಕುವುದು, ಬಿಗಿದ ಸ್ನಾಯು ಸಡಿಲಿಸುವುದು. ಬೆನ್ನಿಗೆ ಬಲ ಬರಬೇಕಾದರೆ ಕುದುರೆಯೇ ಕೆಲಸ ಮಾಡಬೇಕು. ಕ್ಯಾರೆಟ್ ತೋರಿಸಿ ಮೂತಿಯನ್ನು ಎದೆಗೆ, ಮುಂಗಾಲುಗಳ ನಡುವೆ, ಎರಡೂ ಪಕ್ಕೆಗೆ ತರಿಸಿ. ಐದೈದು ಸೆಕೆಂಡ್ ಹಿಡಿಸಿ. ದಿನವೂ ಮಾಡಿ. ತಿಂಗಳ ಫೀಸೂ ಉಳಿಯುತ್ತದೆ.

ದೇವನಹಳ್ಳಿ: ಹೆಣ್ಣು ಕುದುರೆ. ಬಲ ಮುಂಗಾಲಿನ ಕೀಲಿಗೆ ಗಾಯವಾಗಿ 3 ವಾರ ಆ ಕಾಲು ಊರಿರಲಿಲ್ಲ. ನಿನ್ನೆಯಿಂದ ಊರುತ್ತಿದ್ದಾಳೆ, ನಮಗೆಲ್ಲ ಖುಷಿ. ಆದರೆ ಬೆನ್ನು ಹಿಡಿದಿದೆ ಅನಿಸುತ್ತದೆ. ಹಿಂದಕ್ಕೆ ಒರಗಿ ನಿಲ್ಲುತ್ತಾಳೆ, ತಿರುಗಲು ಒಲ್ಲೆ ಎನ್ನುತ್ತಾಳೆ. ಮಸಾಜ್ ಮಾಡಿ 10 ನಿಮಿಷ ನಡೆಸಲಾ?

ಡಾಕ್ಟರ್: ನಡೆಸಬೇಡಿ. ಒಂದು ಹೆಜ್ಜೆಯೂ ಬೇಡ. ಈಗಲೇ ಲಾಯಕ್ಕೆ ಹೋಗಿ ಎಡ ಗೊರಸು ಮುಟ್ಟಿ ನೋಡಿ. ಬಿಸಿ ಇದೆಯಾ? ಗೊರಸಿನ ಮೇಲಿನ ಗಿಣ್ಣಿನ ಹಿಂದೆ, ಪಕ್ಕದಲ್ಲಿ ಬೆರಳಿಡಿ. ನಾಡಿ ಜೋರಾಗಿ ಬಡಿಯುತ್ತಿದೆಯಾ?

ಪೆಟ್ಟಾದ ಕಾಲು ಇದ್ದಕ್ಕಿದ್ದಂತೆ ಊರಿದಳು ಅಂದರೆ ಅದು ವಾಸಿಯಾಯಿತು ಅಂತ ನನಗೆ ಅನಿಸುತ್ತಿಲ್ಲ. ಒಳ್ಳೆಯ ಕಾಲು ಅದಕ್ಕಿಂತ ಜಾಸ್ತಿ ನೋಯುತ್ತಿರಬೇಕು. ಗೊರಸಿನೊಳಗಿನ ಮೂಳೆ ತೆಳು ಪದರಗಳಿಂದ ಗೊರಸಿನ ಗೋಡೆಗೆ ಅಂಟಿ ತೂಗುತ್ತಿರುತ್ತದೆ. ಕಾಲು ಎತ್ತಿ ಇಡುತ್ತಿದ್ದರೇ ಆ ಪದರಕ್ಕೆ ರಕ್ತ ಸರಿಯಾಗಿ ಓಡುವುದು. ಮೂರು ವಾರ ಒಂದೇ ಕಾಲಿನ ಮೇಲೆ ಭಾರ ಬಿದ್ದರೆ ಪದರ ಸೋಲಬಹುದು, ಮೂಳೆ ಕಳಚಿ ಕೆಳಗೆ ತಿರುಗಬಹುದು. ಇದೇ ಲ್ಯಾಮಿನೈಟಿಸ್. ಅಮೆರಿಕದ ಬಾರ್ಬರೋ 2006ರ ಕೆಂಟಕಿ ಡರ್ಬಿ ಗೆದ್ದ ಕುದುರೆ. ಎರಡು ವಾರದ ನಂತರ ಇನ್ನೊಂದು ರೇಸಿನಲ್ಲಿ ಬಲ ಹಿಂಗಾಲು ಮುರಿಯಿತು. ಅದನ್ನು ಕೂಡಿಸಿದರು. ಲ್ಯಾಮಿನೈಟಿಸ್ ಬಂದಿದ್ದು ಎಡ ಹಿಂಗಾಲಿಗೆ. 2007ರ ಜನವರಿಯಲ್ಲಿ ದಯಾಮರಣ ಕೊಡಬೇಕಾಯಿತು.

ಎರಡೂ ಮುಂಗೊರಸುಗಳನ್ನು ಐಸ್ ನೀರಿನಲ್ಲಿಡಿ. ಕಾಲಡಿಗೆ ಮರದ ಹೊಟ್ಟು ದಪ್ಪಗೆ ಹಾಕಿ. ಕಾಳು, ಬೂಸಾ, ಬೆಲ್ಲ ನಿಲ್ಲಿಸಿ, ಒಣಹುಲ್ಲು ಸಾಕು. ಎಕ್ಸ್‌ರೇ ಬೇಕೇ ಬೇಕು.

ಕನಕಪುರ ರಸ್ತೆ: ಬೆಲ್ಲ, ಓಂಕಾಳು ಕೊಟ್ಟರೆ ರಕ್ತ ಓಡುತ್ತದಲ್ವಾ?

ಡಾಕ್ಟರ್: ಈಗ ತಾನೇ ಬೆಲ್ಲ ನಿಲ್ಲಿಸಿ ಅಂದೆ.

ಚಿಕ್ಕಬಳ್ಳಾಪುರ: ನೋವಿಗೆ ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ಸೂಜಿ ಚುಚ್ಚಲಿ.

ಡಾಕ್ಟರ್: ಪ್ರಾಣಿಗಳಿಗೆ ಅದು 2006ರಿಂದ ನಿಷೇಧ. ಅದನ್ನು ಚುಚ್ಚಿದ ದನಗಳ ಹೆಣ ತಿಂದೇ ರಣಹದ್ದುಗಳು ಸತ್ತಿದ್ದು. ಗೊತ್ತಿಲ್ಲದಿದ್ದರೆ ಸುಮ್ನೆ ಇರಿ.

ಗೌರಿಬಿದನೂರು: 2 ತಿಂಗಳ ಹಿಂದಿನ ಟೆಂಡನ್ ಗಾಯ, ಊತ ಇಲ್ಲ. ಓಡಿಸಲಾ?

ಡಾಕ್ಟರ್: ಮೇಲೆ ಓದಿ.

ಮೈಸೂರು ಟಾಂಗಾ: ಡಾಕ್ಟರ್ ಬರೆ ಬಗ್ಗೆ ಮಾತೇ ಆಡಲಿಲ್ಲ.

ಯಲಹಂಕ: ಅಲ್ಲಿ ಒಂದು ಜೀವ ಒದ್ದಾಡುತ್ತಿದೆ, ನಿಮಗೆ ತಾತನ ಚಿಂತೆ.

ಮೈಸೂರು ಟಾಂಗಾ: ತಾತನ ಸುದ್ದಿ ಬೇಡ.

ದೇವನಹಳ್ಳಿ: ಎಡ ಗೊರಸು ಕೆಂಡದಂತಿದೆ. ನಾಡಿ ಬೆರಳನ್ನೇ ತಳ್ಳುತ್ತಿದೆ. ನಮ್ಮ ವೈದ್ಯರು ಫೋನ್ ಎತ್ತುತ್ತಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಗಾಡಿಯಲ್ಲಿ ಕರೆದೊಯ್ಯಲಾ?

ಡಾಕ್ಟರ್: ಯಾರಾದರೂ ನೋಡುವವರೆಗೆ ಗಾಡಿ ಹತ್ತಿಸಬೇಡಿ. ಜಾಗದ ಲೊಕೇಶನ್ ನನಗೆ ಕಳಿಸಿ, ಹೊರಟೆ. ಐಸ್ ಕರಗಿದಂತೆ ಹಾಕುತ್ತಲೇ ಇರಿ.

ದೇವನಹಳ್ಳಿ: ಕಳಿಸಿದೆ ಮೇಡಂ. ಐಸ್ ಇಟ್ಟಿದ್ದೇವೆ. ಗೇಟಿನ ಹತ್ತಿರ ಹುಡುಗ ಟಾರ್ಚ್ ಹಿಡಿದು ನಿಂತಿರುತ್ತಾನೆ.

ರಾಮನಗರ: ಕೆರೆ ಈಜಿನದು ಕೇಳಿದ್ದೆ, ಯಾರೂ ಹೇಳಲಿಲ್ಲ.

ಕನಕಪುರ ರಸ್ತೆ: ಸುಣ್ಣ ಎಷ್ಟು ಚಮಚ ಅಂತ ಮೆಸೇಜಿನಲ್ಲೇ ಇದೆ, ಬೇಕಾದವರು ಹೇಳಿ.