ಮೂವರು ಹೊಸ ವಿಶ್ವಾಸಿಗಳ ಹೊಣೆ ಹೊತ್ತಿದ್ದೇನೆ, ನನ್ನ ಪ್ರಾರ್ಥನೆಯೇ ಒಣಗುತ್ತಿದೆ: ಅನುಭವ ಇದ್ದವರು ಹೇಳಿ

ಕೇಳಿದವರು: ದೀಕ್ಷಾಸ್ನಾನ ಆದ ಮೂವರು ಯುವಕರನ್ನು ಅಯ್ಯನವರು (ಸಭಾಪಾಲಕರು) ನನಗೆ ಒಪ್ಪಿಸಿದ್ದಾರೆ. ಭಾನುವಾರ ಸಂಜೆ ಕೂತು ಮಾರ್ಕನ ಸುವಾರ್ತೆ ಓದುತ್ತೇವೆ. ಈಗೀಗ ಸತ್ಯವೇದ ತೆರೆದರೆ ಸಾಕು, ‘ಇದನ್ನ ಅವರಿಗೆ ಹೇಗೆ ಹೇಳಲಿ’ ಅನ್ನೋದೊಂದೇ ತಲೆಯಲ್ಲಿ. ಏನು ಮಾಡಲಿ?

ಮನೆಕೂಟ ನಡೆಸುವವರು: ಬ್ರದರ್, ಕಲಿಸುವ ಪುಸ್ತಕ ಬೇರೆ, ನಿಮಗಾಗಿ ಓದುವ ಪುಸ್ತಕ ಬೇರೆ ಇರಲಿ. ಅವರಿಗೆ ಮಾರ್ಕ, ನಿಮಗೆ ಕೀರ್ತನೆಗಳು. 119ನೆಯದರಿಂದಲೇ ಹಿಡಿಯಿರಿ: 176 ವಚನ, ಎಂಟೆಂಟರ 22 ಭಾಗ, ದಿನಕ್ಕೊಂದು. ಓದಿದ್ದನ್ನೇ ಪ್ರಾರ್ಥನೆಯಾಗಿ ಬಾಯಿಬಿಟ್ಟು ಹೇಳಿ. ‘ನನಗೆ’ ಅಂತಿರುವಲ್ಲಿ ‘ಅವರಿಗೆ’ ಅಂತ ತಿರುಗಿಸಬೇಡಿ, ಜಾರುವುದು ಅಲ್ಲೇ. ಪಾಠದ ತಯಾರಿಗೆ ವಾರದ ಮಧ್ಯೆ ಒಂದು ರಾತ್ರಿ, ಒಂದು ಗಂಟೆ ಮೀಸಲಿಡಿ. ಬೆಳಗಿನ ಹೊತ್ತಿಗೆ ಅದು ನುಗ್ಗಬಾರದು.

ಯುವಜನರ ಕೆಲಸದಲ್ಲಿರುವವರು: ಪುಸ್ತಕ ಬೇರೆ ಮಾಡಿದರಷ್ಟೇ ಸಾಲದು. ಭಾನುವಾರ ಮಾತೆಲ್ಲ ನಿಮ್ಮದೇ ಆಗಿದ್ದರೆ ಒಣಗುವುದು ಖಂಡಿತ. 75 ನಿಮಿಷದ ಕೂಟವನ್ನು ಹೀಗೆ ಹಂಚಿ: ಮೊದಲ 15 ನಿಮಿಷ ಕಳೆದ ವಾರ ತೀರ್ಮಾನಿಸಿದ್ದನ್ನು ಮಾಡಿದೆವೋ ಇಲ್ಲವೋ, ಆಮೇಲೆ 40 ನಿಮಿಷ ವಾಕ್ಯ, ಉಳಿದದ್ದು ಪ್ರಾರ್ಥನೆ. ವಾಕ್ಯದ ಹೊತ್ತಿಗೆ ಮೂರೇ ಪ್ರಶ್ನೆ: ಇಲ್ಲಿ ಯೇಸು ಏನು ಮಾಡಿದ, ಜನ ಏನೆಂದರು, ಈ ವಾರ ನಾನು ಏನನ್ನು ಪಾಲಿಸಲಿ? ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ನಾಲ್ಕಕ್ಕೇ ಬಾಯಿ ತೆರೆದರೆ, ಅಣ್ಣನೇ ಹೇಳಿಬಿಡುತ್ತಾರೆ ಅಂತ ಅವರು ಸುಮ್ಮನಾಗುವುದು ಅಭ್ಯಾಸವಾಗುತ್ತದೆ. ಮೂರನೆಯ ಪ್ರಶ್ನೆಗೆ ನೀವೂ ಉತ್ತರ ಹೇಳಬೇಕು. ‘ಇನ್ನಷ್ಟು ಪ್ರಾರ್ಥಿಸುತ್ತೇನೆ’ ಉತ್ತರವಲ್ಲ. ‘ಮಾತು ಬಿಟ್ಟ ತಮ್ಮನಿಗೆ ಬುಧವಾರದೊಳಗೆ ಫೋನ್ ಮಾಡುತ್ತೇನೆ’, ಇದು ಉತ್ತರ. ಮುಂದಿನ ವಾರ ಮೊದಲ ಲೆಕ್ಕ ಒಪ್ಪಿಸುವವರು ನೀವೇ.

ಮಾರ್ಕನಲ್ಲಿ 16 ಅಧ್ಯಾಯ, ಆದರೆ ವಾರಕ್ಕೊಂದು ಅಂತ ಕೂತರೆ ಆರನೆಯದು (56 ವಚನ), ಹದಿನಾಲ್ಕನೆಯದು (72) ಮುಗಿಯುವುದಿಲ್ಲ. ಅವೆರಡನ್ನೂ ಒಡೆಯಿರಿ. ಕ್ರೈಸ್ತರಲ್ಲದ ಮನೆತನದಿಂದ ಬಂದವರಿಗೆ ‘ಯೋಹಾನ 3’ ಅಂದರೆ ಸುವಾರ್ತೆಯೋ ಪತ್ರಿಕೆಯೋ ತಿಳಿಯುವುದಿಲ್ಲ, ಕೇಳಲು ನಾಚಿಕೆ. ಮೊದಲ ದಿನವೇ ಪರಿವಿಡಿ ತೆಗೆಸಿ ಹುಡುಕುವುದನ್ನು ತೋರಿಸಿ, ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಸಭೆಯ ಹಿರಿಯರು: ತಮ್ಮಾ, ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಹುಡುಕೋಣ’ ಅನ್ನು. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನೇ ಶಾಸ್ತ್ರಕ್ಕೆ ಹಚ್ಚಿ ನೋಡಿದರು (ಅಪೊಸ್ತಲರ ಕೃತ್ಯಗಳು 17:11), ನಿನ್ನ ಮಾತನ್ನೂ ಹಾಗೇ ನೋಡಲಿ. ತಿದ್ದಬೇಕಾದ್ದನ್ನು ಮೂವರ ಎದುರು ತಿದ್ದಬೇಡ. ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಬೋಧಕ ಅಪೊಲ್ಲೋಸನನ್ನು ಬೇರೆಯಾಗಿ ಕರೆದುಕೊಂಡು ಹೋಗಿ ಆಮೇಲೆ ವಿವರಿಸಿದರು. ಹಣ ಕೈಸಾಲ ಕೊಡಬೇಡ. ವಾಪಸ್ ಕೊಡಲಾಗದವನು ಮೊದಲು ಬಿಡುವುದು ಕೂಟವನ್ನೇ; ನಿಜವಾದ ಕಷ್ಟವಿದ್ದರೆ ಸಭೆಯ ಮೂಲಕ ನಡೆಯಲಿ. ಅವರು ಒಪ್ಪಿಕೊಂಡ ಪಾಪ ‘ಪ್ರಾರ್ಥನೆಯ ವಿಷಯ’ ಅಂತ ವಾಟ್ಸಾಪ್ ಗುಂಪಿಗೆ ಹೋಗಬಾರದು. ಆದರೆ ಜೀವಕ್ಕೆ ಅಪಾಯ, ಮಕ್ಕಳ ಮೇಲೆ ದೌರ್ಜನ್ಯ ಇಂಥವನ್ನು ಗುಟ್ಟಾಗಿಡುವಂತಿಲ್ಲ ಅಂತ ಮೊದಲ ದಿನವೇ ಹೇಳಿಬಿಡು. ನಿನ್ನ ಒಣಗಿದ್ದನ್ನು ಅಯ್ಯನವರಿಗೆ ಹೇಳಿದ್ದೀಯಾ? ತಿಂಗಳಿಗೊಮ್ಮೆ ಅವರ ಮುಂದೆ ಕೂರು, ಪಾಠದ ವರದಿ ಕೊಡೋಕಲ್ಲ.

ಮನೆಕೂಟ ನಡೆಸುವವರು: ಒಂದು ಬಿಟ್ಟಿದ್ದೆ. ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದ ಪತ್ರಿಕೆಯಲ್ಲಿ, 2 ತಿಮೊಥೆ 2:2ರಲ್ಲಿ, ನಾಲ್ಕು ತಲೆಮಾರು ಇದೆ: ಪೌಲ, ತಿಮೊಥೆ, ನಂಬಿಗಸ್ತರು, ಅವರಿಂದ ಕಲಿಯುವವರು. ಏಳೆಂಟನೆಯ ವಾರದಿಂದ ಕೂಟ ನಡೆಸುವುದನ್ನು ಸರದಿಯ ಮೇಲೆ ಅವರಿಗೇ ಕೊಡಿ.

ಕೇಳಿದವರು: ಏಳನೆಯ ಅಧ್ಯಾಯ ಮುಗಿದಿದೆ. ಮೂವರಲ್ಲಿ ಒಬ್ಬನಿಗೆ ಓದಲು ಸರಿಯಾಗಿ ಬರುವುದಿಲ್ಲ, ಅವನಿಗೂ ಕೊಡಬಹುದಾ?

ಮನೆಕೂಟ ನಡೆಸುವವರು: ಅವನಿಗೇ ಮೊದಲು ಕೊಡಿ. ಮಾರ್ಕ 8:22–26, ಐದೇ ವಚನ. ವಾರವಿಡೀ ಆಡಿಯೊ ಬೈಬಲ್‌ನಲ್ಲಿ ಕೇಳಿಸಿಕೊಂಡು ಬರಲಿ. ಕೂಟದಲ್ಲಿ ಓದುವುದು ಇನ್ನೊಬ್ಬನ ಪಾಲು, ಪ್ರಶ್ನೆ ಕೇಳುವುದು ಇವನ ಪಾಲು. ಆವತ್ತು ನೀವು ಉತ್ತರ ಹೇಳುವವರ ಸಾಲಿನಲ್ಲಿ ಕೂತಿರಿ.