ಆರ್‌ಟಿಇ ಪಟ್ಟಿಯಲ್ಲಿ ನಮ್ಮ ವಾರ್ಡಿನ ಒಂದು ಶಾಲೆಯೂ ಕಾಣ್ತಿಲ್ಲ, ಯಾಕೆ?

ಹೊಲಿಗೆಮನೆ, ದಾವಣಗೆರೆ (ಮೇ 2025)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಿಟ್ಟುವಳ್ಳಿ ಕಡೆ ಇರೋದು. ಮನೆ ಮುಂದಿನ ರೂಮಲ್ಲೇ ಟೈಲರಿಂಗ್ ಮಾಡ್ತೀನಿ. ಮೇ ತಿಂಗಳು ಬಂತು ಅಂದ್ರೆ ಓಣಿ ಮಕ್ಕಳ ಯೂನಿಫಾರಂ ಎಲ್ಲ ನನ್ನ ಮಷಿನ್ ಮೇಲೆ ಬೀಳುತ್ತೆ. ನನ್ನ ಮಗಳಿಗೆ ಯಾವ ಕಲರ್ ಹೊಲೀಬೇಕು ಅನ್ನೋದು ಮಾತ್ರ ಇನ್ನೂ ಗೊತ್ತಿಲ್ಲ.

ಮಗಳು ಹುಟ್ಟಿದ್ದು 2019 ಡಿಸೆಂಬರ್ 20. ಇಲ್ಲೇ ಹತ್ರದ ಒಂದು ಸಣ್ಣ ನರ್ಸರಿಯಲ್ಲಿ ಎಲ್‌ಕೆಜಿ, ಯುಕೆಜಿ ಮುಗಿಸಿದಾಳೆ. ಅಲ್ಲಿ ಇರೋದೇ ಯುಕೆಜಿವರೆಗೆ. ಈಗ ಒಂದನೇ ಕ್ಲಾಸಿಗೆ ಸೇರಿಸ್ಬೇಕು. ಆರು ವರ್ಷ ತುಂಬಿರ್ಬೇಕು ಅಂತ ಕೇಳಿ ಏಪ್ರಿಲ್‌ವರೆಗೂ ನಿದ್ದೆ ಇರ್ಲಿಲ್ಲ. ಆಮೇಲೆ ಐದು ವರ್ಷ ಐದು ತಿಂಗಳು ಆಗಿದ್ರೂ ಸಾಕು ಅಂತ ಟಿವಿಯಲ್ಲಿ ಹೇಳಿದ್ರು. ಅದು ನಮ್ಮ ಮಗಳಿಗೆ ಸರಿಯಾಗುತ್ತೆ ಅಲ್ವಾ? ಪಕ್ಕದ ಮನೆ ಹುಡುಗ 2020 ಜನವರಿ 7ರವನು, ಇಬ್ಬರೂ ಒಂದೇ ಬೆಂಚಲ್ಲಿ ಕೂತವರು. ಅವನಿಗೆ ಆಗಲ್ಲ ಅಂತಿದಾರೆ.

ಅದಕ್ಕಿಂತ ದೊಡ್ಡ ತಲೆನೋವು ಆರ್‌ಟಿಇ, ಅಂದ್ರೆ ಪ್ರೈವೇಟ್ ಶಾಲೆಯಲ್ಲಿ ಬಡ ಮಕ್ಕಳಿಗೆ ಸಿಗೋ ಫ್ರೀ ಸೀಟು. ನಮ್ಮಕ್ಕನ ಮಗನಿಗೆ 2017ರಲ್ಲಿ ಇದೇ ಊರಲ್ಲಿ ಒಳ್ಳೆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಕ್ತು, ಒಂದು ರೂಪಾಯಿ ಫೀಸಿಲ್ಲ. ನಾನೂ ಹಾಗೇ ಅಂದ್ಕೊಂಡು ನಾಡಕಚೇರಿಗೆ ಎರಡು ಸಲ ಅಲೆದು ಜಾತಿ-ಆದಾಯ ಪ್ರಮಾಣಪತ್ರ ಮಾಡಿಸ್ದೆ. ಸೈಬರ್‌ನವನಿಗೆ 200 ಕೊಟ್ಟು ಕೂತ್ರೆ, ವಾರ್ಡ್ ಸೆಲೆಕ್ಟ್ ಮಾಡಿದ ತಕ್ಷಣ ಶಾಲೆ ಪಟ್ಟಿ ಖಾಲಿ! ಒಂದೂ ಇಲ್ಲ. ಅವನು ಮೂರು ಸಲ ರಿಫ್ರೆಶ್ ಮಾಡಿ, “ಸರ್ವರ್ ಡೌನ್ ಅಕ್ಕ, ನಾಳೆ ಬನ್ನಿ” ಅಂದ. ಮಾರನೇ ದಿನವೂ ಹಾಗೇ. ನಮ್ಮ ವಾರ್ಡಲ್ಲಿ ಪ್ರೈವೇಟ್ ಶಾಲೆ ಇಲ್ಲ ಅಂತೇನಿಲ್ಲ, ಮಷಿನ್ ಮುಂದೆ ಕೂತ್ರೆ ಒಂದರ ಬೆಲ್ ಕೇಳುತ್ತೆ.

ಆ ಶಾಲೆಗೇ ಹೋಗಿ ಕೇಳ್ದೆ. ಮಗಳಿಗೆ ಚಿತ್ರದ ಕಾರ್ಡ್ ತೋರಿಸಿ ಇಂಗ್ಲಿಷಲ್ಲಿ ಏನೇನೋ ಕೇಳಿದ್ರು. ಕೊಡೆ, ಕತ್ತರಿ, ಆನೆ ಎಲ್ಲ ಹೇಳಿದ್ಲು. ಕತ್ತರಿ ನೋಡಿ “ನಮ್ಮಮ್ಮಂದು ಇನ್ನೂ ದೊಡ್ಡದು” ಅಂದ್ಲು ಕನ್ನಡದಲ್ಲಿ, ಅವರು ನಗ್ಲಿಲ್ಲ. ಆಮೇಲೆ ನನ್ನ ಓದು ಕೇಳಿದ್ರು. ಎಸ್ಸೆಸ್ಸೆಲ್ಸಿ ಅಂದೆ. ಬರೀತಿದ್ದ ಪೆನ್ನು ಅಲ್ಲೇ ನಿಂತ್ಕೊಳ್ತು. ಫೀಸು 38,000, ಅದರ ಮೇಲೆ “ಡೆವಲಪ್‌ಮೆಂಟ್” ಅಂತ 15,000, ಅದಕ್ಕೆ ರಸೀದಿ ಇಲ್ಲ.

ನಾನೇ ಎಲ್ಲಾದ್ರೂ ತಪ್ಪು ಮಾಡಿದೀನಾ? ನಾದಿನಿ ಮನೆ ಬೇರೆ ವಾರ್ಡಲ್ಲಿದೆ, ಅಲ್ಲಿ ಬಾಡಿಗೆಗೆ ಇದೀವಿ ಅಂತ ಕರಾರು ಪತ್ರ ಮಾಡಿಸಿದ್ರೆ ನಡೆಯುತ್ತಾ?


ಆಟೋಸ್ಟ್ಯಾಂಡ್

ಅಕ್ಕ, ಬಾಂಡ್ ಪೇಪರ್ ತಗೊಂಡು ಕರಾರು ಪತ್ರ ಮಾಡಿಸಿ ಬಿಡಿ, ಎಲ್ಲರೂ ಮಾಡೋದು ಅದೇ. ಇಲ್ಲಾಂದ್ರೆ ಯಾರಾದ್ರೂ ಕಾರ್ಪೊರೇಟರ್ ಹಿಡ್ಕೊಳ್ಳಿ. ಸೀದಾ ದಾರಿಯಲ್ಲಿ ಹೋದ್ರೆ ಈ ದೇಶದಲ್ಲಿ ಟೋಕನ್ನೂ ಸಿಗಲ್ಲ.


ಹಳೇಮೇಷ್ಟ್ರು

ತಂಗಿ, ನೀವು ಏನೂ ತಪ್ಪು ಮಾಡಿಲ್ಲ. ಸರ್ವರ್ ಕೂಡ ಡೌನ್ ಆಗಿಲ್ಲ. ಪಟ್ಟಿ ಖಾಲಿ ಇದೆ ಅಂದ್ರೆ ನಿಜವಾಗ್ಲೂ ಖಾಲಿ. 34 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವನು, ಕಡೆಯ ಆರು ವರ್ಷ ಹೆಡ್‌ಮಾಸ್ಟರ್ ಆಗಿದ್ದೆ. ಈ ಪಟ್ಟಿ ಹೇಗೆ ಬರಿದಾಯ್ತು ಅಂತ ಕಣ್ಣಾರೆ ಕಂಡಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ವಯಸ್ಸಿನ ವಿಚಾರ ಮುಗಿಸೋಣ. ಲೆಕ್ಕ ಹಾಕೋದು ಜೂನ್ 1ಕ್ಕೆ. ನಿಮ್ಮ ಮಗಳಿಗೆ ಅವತ್ತು ಐದು ವರ್ಷ ಐದು ತಿಂಗಳು ಹನ್ನೆರಡು ದಿನ. ಯುಕೆಜಿನೂ ಮುಗಿದಿದೆ. ಹಾಗಾಗಿ ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಈ ವರ್ಷ ಒಂದನೇ ತರಗತಿಗೆ ಸೇರಿಸ್ಬಹುದು, ಯಾರೂ ತಡೆಯೋ ಹಾಗಿಲ್ಲ. ಪಕ್ಕದ ಮನೆ ಹುಡುಗನಿಗೆ ಐದು ತಿಂಗಳು ತುಂಬೋದು ಜೂನ್ 7ಕ್ಕೆ. ಆರು ದಿನದಲ್ಲಿ ತಪ್ಪಿಹೋಯ್ತು ಪಾಪ. ಗೆರೆ ಎಳೆದ ಮೇಲೆ ಯಾರೋ ಒಬ್ಬರು ಆಚೆ ಬೀಳಲೇಬೇಕು, ಆದ್ರೂ ಒಂದೇ ಬೆಂಚಿನ ಮಕ್ಕಳು ಅಂದಾಗ ಬೇಜಾರಾಗುತ್ತೆ. ಆರು ವರ್ಷದ ಆದೇಶ ಬಂದದ್ದು 2022ರಲ್ಲಿ. ಅಷ್ಟರಲ್ಲಿ ಎಲ್‌ಕೆಜಿಗೆ ಸೇರಿಬಿಟ್ಟ ಮಕ್ಕಳ ಗತಿ ಏನು ಅಂತ ಜನ ಗಲಾಟೆ ಮಾಡಿದ್ಮೇಲೆ 2025-26ಕ್ಕೆ ಮುಂದೆ ಹಾಕಿದ್ರು, ಈಗ ಈ ಒಂದು ವರ್ಷಕ್ಕೆ ಅಂತ ಸಡಿಲಿಕೆ ಕೊಟ್ಟಿದಾರೆ. ಇದು ನಮ್ಮ ರಾಜ್ಯದ ಪಠ್ಯಕ್ರಮಕ್ಕೆ ಮಾತ್ರ. ಕೇಂದ್ರೀಯ ವಿದ್ಯಾಲಯಕ್ಕೆ ಹೋದ್ರೆ ಅವರದೇ ಲೆಕ್ಕ, ಮಾರ್ಚ್ 31ಕ್ಕೆ ಆರು ತುಂಬಿರ್ಬೇಕು.

ಈಗ ಆರ್‌ಟಿಇ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಅದರ 12(1)(ಸಿ) ಪ್ರಕಾರ ಅನುದಾನ ಇಲ್ಲದ ಖಾಸಗಿ ಶಾಲೆಗಳು ನೆರೆಹೊರೆಯ ಬಡ ಮಕ್ಕಳಿಗೆ, ಅವಕಾಶವಂಚಿತ ಮಕ್ಕಳಿಗೆ 25% ಸೀಟು ಕೊಡ್ಬೇಕು. ನಮ್ಮಲ್ಲಿ ಆ ಇಪ್ಪತ್ತೈದನ್ನ ಪರಿಶಿಷ್ಟ ಜಾತಿಗೆ 7.5, ಪರಿಶಿಷ್ಟ ಪಂಗಡಕ್ಕೆ 1.5, ಉಳಿದವರಿಗೆ 16 ಅಂತ ಹಂಚಿದ್ರು. ಅರ್ಜಿ ಜಾಸ್ತಿ ಇದ್ರೆ ಲಾಟರಿ. ಶಾಲೆಗೆ ಸರ್ಕಾರ ದುಡ್ಡು ಕೊಡ್ತಿತ್ತು, ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ 16,000, ಎಲ್‌ಕೆಜಿಯದಕ್ಕೆ 8,000. ನಿಮ್ಮಕ್ಕನ ಮಗನಿಗೆ ಸಿಕ್ಕಿದ್ದು ಈ ಲಾಟರಿಯಲ್ಲಿ.

ಇಲ್ಲಿ “ನೆರೆಹೊರೆ” ಅನ್ನೋ ಪದ ಹಿಡ್ಕೊಳ್ಳಿ. ಹಳ್ಳಿಯಲ್ಲಿ ಅಂದ್ರೆ ಆ ಗ್ರಾಮ, ಪಟ್ಟಣದಲ್ಲಿ ಅಂದ್ರೆ ವಾರ್ಡು. 2019-20ರ ಅಡ್ಮಿಷನ್ನಿಗೆ ಮುಂಚೆ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಅಲ್ಲಿನ ಖಾಸಗಿ ಶಾಲೆಯನ್ನ ಆರ್‌ಟಿಇಗೆ ಗುರುತಿಸೋದೇ ಇಲ್ಲ ಅಂತ. ದಾವಣಗೆರೆಯಂಥ ಊರಲ್ಲಿ ಸರ್ಕಾರಿ ಶಾಲೆ ಇಲ್ಲದ ವಾರ್ಡು ಹುಡುಕ್ಕೊಂಡು ಹೋಗ್ಬೇಕು! ರಾಜ್ಯದಲ್ಲಿ ಲಕ್ಷದ ಮೇಲಿದ್ದ ಸೀಟು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದ ಒಳಗೆ ಇಳೀತು. ಪೋಷಕರು ಹೈಕೋರ್ಟಿಗೆ ಹೋದ್ರು, 2019ರ ಮೇನಲ್ಲಿ ಕೋರ್ಟು ತಿದ್ದುಪಡಿ ಸರಿ ಅಂತು. ಮಹಾರಾಷ್ಟ್ರದವರೂ 2024ರಲ್ಲಿ ಇದೇ ಥರದ ನಿಯಮ ತಂದ್ರು, ಅಲ್ಲಿ ಬಾಂಬೆ ಹೈಕೋರ್ಟು ಅದನ್ನ ಜುಲೈನಲ್ಲಿ ರದ್ದು ಮಾಡ್ತು. ಕಾಯ್ದೆ ಒಂದೇ, ಬೆಳಗಾವಿ ದಾಟಿದ್ರೆ ಅರ್ಥ ಬೇರೆ.

ಸರ್ಕಾರದ ವಾದ ನನಗೆ ಅರ್ಥ ಆಗುತ್ತೆ. 2018ರಲ್ಲಿ ನನ್ನ ಶಾಲೆಯ ಒಂದನೇ ತರಗತಿಗೆ ಬಂದದ್ದು ನಾಲ್ಕೇ ಮಕ್ಕಳು. ರಸ್ತೆ ಆಚೆ ಖಾಸಗಿ ಶಾಲೆಗೆ ಆರ್‌ಟಿಇಯಲ್ಲಿ ಹೋದವರು ಹನ್ನೊಂದು. ನಮ್ಮ ಸಂಬಳವೂ ಸರ್ಕಾರದ್ದೇ, ಆ ಫೀಸೂ ಸರ್ಕಾರದ್ದೇ. ಬಾಗಿಲಲ್ಲಿ ನಿಂತು ಆ ಮಕ್ಕಳ ಟೈ ನೋಡ್ತಿದ್ದೆ. ತಿದ್ದುಪಡಿ ಬಂದ ವರ್ಷ ಹದಿನೈದೂ ನಮ್ಮಲ್ಲಿಗೇ ಬರ್ತಾವೆ ಅಂದ್ಕೊಂಡು ಹೊಸ ಡೆಸ್ಕು ಒರೆಸಿ ಇಟ್ಟೆ. ಬಂದದ್ದು ಆರು. ಉಳಿದವರು ಸಂಘದಲ್ಲಿ ಸಾಲ ತೆಗೆದು ಅದೇ ರಸ್ತೆ ದಾಟಿದ್ರು. ಸರ್ಕಾರಿ ಮೇಷ್ಟ್ರಾಗಿಯೇ ಹೇಳ್ತೀನಿ, ಆ ಬಾಗಿಲು ಹಾಕಿದ್ದಕ್ಕೆ ಈ ಬಾಗಿಲಿಗೆ ಜನ ಬರ್ಲಿಲ್ಲ.

ಕರಾರು ಪತ್ರದ ಸಲಹೆ ಕೊಟ್ಟವರ ಮಾತು ಕೇಳ್ಬೇಡಿ. ವಿಳಾಸ ನೋಡೋದು ಆಧಾರಿನಲ್ಲಿ. ಸುಳ್ಳು ಅಂತ ಗೊತ್ತಾದ್ರೆ ಸಿಕ್ಕ ಸೀಟೂ ಹೋಗುತ್ತೆ. ಅಷ್ಟಕ್ಕೂ ನಾದಿನಿ ವಾರ್ಡಲ್ಲೂ ಒಂದು ಸರ್ಕಾರಿ ಶಾಲೆ ಇದ್ದೇ ಇರುತ್ತೆ, ಅಲ್ಲೂ ಪಟ್ಟಿ ಖಾಲಿ. ಇನ್ನೊಂದು ವಿಷಯ ಆ ಸೈಬರ್‌ನವನು ಹೇಳಿರಲ್ಲ. ಎಲ್‌ಕೆಜಿ ಇರೋ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗೋದು ಎಲ್‌ಕೆಜಿಯಲ್ಲಿ, ಒಂದನೇ ತರಗತಿಯಲ್ಲಿ ಅಲ್ಲ. ಅಂದ್ರೆ ಪಟ್ಟಿಯಲ್ಲಿ ಶಾಲೆ ಕಂಡಿದ್ರೂ ನೀವು ಎರಡು ವರ್ಷ ತಡ.

ಅನುದಾನಿತ ಶಾಲೆ ಹತ್ರ ಇದ್ರೆ ಅಲ್ಲಿ ವಿಚಾರಿಸಿ. ಸರ್ಕಾರದ ಅನುದಾನ ಎಷ್ಟು ಪಾಲು ಬರುತ್ತೋ ಅಷ್ಟು ಪಾಲು ಮಕ್ಕಳಿಗೆ, ಕಡಿಮೆ ಅಂದ್ರೂ 25% ಮಕ್ಕಳಿಗೆ, ಅವರು ಉಚಿತವಾಗಿ ಕಲಿಸ್ಬೇಕು. ಇದೂ ಅದೇ ಕಾಯ್ದೆಯಲ್ಲಿದೆ, ಜನ ಕೇಳೋದೇ ಇಲ್ಲ.

ಚಿತ್ರದ ಕಾರ್ಡ್ ತೋರಿಸಿದ್ದು, ನಿಮ್ಮ ಓದು ಕೇಳಿ ಅಳೆದದ್ದು, ಅದು ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ನಿಷಿದ್ಧ. ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷೆ ಮಾಡಿ ಸೀಟು ಕೊಡೋ ಹಾಗಿಲ್ಲ, ಮೊದಲ ಸಲ 25,000ದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೆ 50,000ದವರೆಗೆ. ರಸೀದಿ ಇಲ್ಲದ ಹದಿನೈದು ಸಾವಿರ ಡೊನೇಷನ್ ಅಂತ ಸಾಬೀತಾದ್ರೆ ಅದರ ಹತ್ತು ಪಟ್ಟಿನವರೆಗೂ ದಂಡ ಹಾಕ್ಬಹುದು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ದೂರು ಕೊಡಿ, ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಬಾಯಲ್ಲಿ ಹೇಳಿದ್ದು ಬಾಗಿಲಾಚೆ ಬಂದ ಮೇಲೆ ಯಾರಿಗೂ ನೆನಪಿರಲ್ಲ.


ತುಮಕೂರಮ್ಮ

ಮೇಷ್ಟ್ರು ಹೇಳದೇ ಬಿಟ್ಟದ್ದು ಒಂದಿದೆ, ನಾನು ಅನುಭವಿಸಿದವಳು. ನನ್ನ ಮಗನಿಗೆ 2013ರಲ್ಲಿ ಒಂದನೇ ಕ್ಲಾಸಿಗೆ ಆರ್‌ಟಿಇ ಸಿಕ್ಕಿತ್ತು. ದೇವರಿಗೆ ಹಣ್ಣುಕಾಯಿ ಮಾಡಿಸ್ದೆ. ಕಾಯ್ದೆ ಇರೋದು 14 ವರ್ಷದವರೆಗೆ, ಎಂಟನೇ ಕ್ಲಾಸಿಗೆ. ಒಂಬತ್ತಕ್ಕೆ ಬಂದಾಗ ಶಾಲೆಯವರು ಪೂರ್ತಿ ಫೀಸು ಕಟ್ಟಿ ಇಲ್ಲಾ ಟಿಸಿ ತಗೊಳ್ಳಿ ಅಂದ್ರು. ಲಾಕ್‌ಡೌನ್ ಆಗಿ ಮನೆಯವರ ಹೋಟೆಲ್ ಕೆಲಸ ಹೋಗಿದ್ದ ಹೊತ್ತು. 42,000 ಎಲ್ಲಿಂದ ತರೋದು? ಎಂಟು ವರ್ಷ ಒಂದೇ ಬೆಂಚು, ಒಂಬತ್ತನೇದಕ್ಕೆ ಸರ್ಕಾರಿ ಹೈಸ್ಕೂಲು. ಮೊದಲ ತಿಂಗಳು ಊಟ ಬಿಟ್ಟಿದ್ದ. ಆಮೇಲೆ ಅಲ್ಲಿಯ ಗಣಿತದ ಮೇಡಂ ಅಂದ್ರೆ ಪ್ರಾಣ ಅಂತಿದ್ದ, ಅದು ಬೇರೆ ಮಾತು.

ಮಧ್ಯೆ ಮಧ್ಯೆ ಪುಸ್ತಕ, ಶೂ, “ಸ್ಮಾರ್ಟ್ ಕ್ಲಾಸ್” ಅಂತ ಕಿತ್ತದ್ದು ಲೆಕ್ಕಕ್ಕಿಲ್ಲ. ಸಿಗ್ಲಿಲ್ಲ ಅಂತ ತೀರಾ ಕೊರಗ್ಬೇಡಿ.


ಹೊಲಿಗೆಮನೆ

ಮೇಷ್ಟ್ರೇ, ನಿಮ್ಮ ಉತ್ತರ ಪೂರ್ತಿ ನಮ್ಮ ಯಜಮಾನರಿಗೆ ಓದಿ ಹೇಳ್ದೆ. ಎಲ್‌ಕೆಜಿ ವಿಷಯ ಕೇಳಿ ಹೊಟ್ಟೆ ಉರೀತು, ಎರಡು ವರ್ಷದ ಹಿಂದೆ ಒಬ್ಬರೂ ಹೇಳ್ಲಿಲ್ಲ. ಸೈಬರ್‌ನವನ ಹತ್ರ ಹೋಗಿ 200 ವಾಪಸ್ ಕೇಳ್ದೆ. ಐವತ್ತು ಕೊಟ್ಟ.

ನಿನ್ನೆ ನಮ್ಮ ವಾರ್ಡಿನ ಸರ್ಕಾರಿ ಶಾಲೆಗೆ ಹೋಗಿ ಬಂದೆ. ಇಷ್ಟು ವರ್ಷ ವೋಟು ಹಾಕೋಕೆ ಮಾತ್ರ ಹೋಗಿದ್ದು. ಒಂದನೇ ಕ್ಲಾಸಲ್ಲಿ ಇಂಗ್ಲಿಷ್ ಮೀಡಿಯಂ ಸೆಕ್ಷನ್ನೂ ಇದೆಯಂತೆ, ಪುಸ್ತಕದಲ್ಲಿ ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್. ಅದಕ್ಕೆ ಆಗಲೇ 22 ಹೆಸರು ಬಂದಿದೆ ಅಂದ್ರು ಮೇಡಂ. ಬಾತ್‌ರೂಮ್ ನೋಡ್ದೆ, ಚಿಲಕ ಒಂದಕ್ಕಿತ್ತು, ಒಂದಕ್ಕಿರ್ಲಿಲ್ಲ. ಕೇಳಿದ್ದಕ್ಕೆ “ಬರೆದು ಕೊಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಇಡ್ತೀನಿ” ಅಂದ್ರು. ಬರೆದು ಕೊಟ್ಟೆ, ಸೀಲೂ ಹಾಕಿಸ್ಕೊಂಡೆ.

ಆ ಪ್ರೈವೇಟ್ ಶಾಲೆ ಮೇಲೆ ಬಿಇಒಗೆ ಕೊಡೋದು ಇನ್ನೂ ಯೋಚನೆ ಮಾಡ್ತಿದೀನಿ. ಅವರ ಯೂನಿಫಾರಂ ಆರ್ಡರ್ ಅರ್ಧ ನನ್ನ ಹತ್ರಾನೇ ಇದೆ. ನಗಬೇಡಿ.

ಮಗಳಿಗೆ ಕಾರ್ಡ್ ತೋರಿಸ್ಲಿಲ್ಲ. ಹೆಸರು ಕೇಳಿದ್ರು, ಬೂಟಿಗೆ ಅಂತ ಕಾಲು ಹಾಳೆ ಮೇಲಿಟ್ಟು ಪೆನ್ಸಿಲಲ್ಲಿ ಗೆರೆ ಎಳೆದ್ರು. ಕಚಗುಳಿ ಆಗಿ ಕುಣಿದ್ಲು, ಗೆರೆ ವಾರೆ ಆಯ್ತು, ಇನ್ನೊಂದು ಸಲ ಎಳೆದ್ರು. ಯೂನಿಫಾರಂ ಕೇಳ್ದೆ. ಬಟ್ಟೆ ಬಂದಾಗ ಕೊಡ್ತೀವಿ, ಹೊಲಿಸ್ಕೊಳ್ಳೋದು ನೀವೇ ಅಂದ್ರು. ಆ ಬಟ್ಟೆ ನನಗೆ ಹೊಸದಲ್ಲ, ಓಣಿ ಮಕ್ಕಳದು ಎಷ್ಟೋ ಹೊಲಿದಿದೀನಿ. ಮೊದಲ ಒಗೆತಕ್ಕೇ ಕುಗ್ಗುತ್ತೆ. ಎರಡಿಂಚು ಒಳಗೆ ಬಿಟ್ಟು ಹೊಲಿತೀನಿ.