ಕುತ್ತಿಗೆಯ ಗಂಟು: ರೆಫರಲ್ ಚೀಟಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ (ಸಮುದಾಯ ಆರೋಗ್ಯ ಅಧಿಕಾರಿ, ಮದ್ದೂರು ತಾಲ್ಲೂಕು): ನಮಸ್ಕಾರ ಡಾಕ್ಟರೇ. ಹೊಗೆಸೊಪ್ಪು ಹಾಕುವ ಅಭ್ಯಾಸವಿರುವ, ಐವತ್ತು ದಾಟಿದ ರೈತರೊಬ್ಬರಿಗೆ ಬಲಗಡೆ ದವಡೆಯ ಕೆಳಗೆ ನೋವಿಲ್ಲದ ಗಂಟು ಒಂದೂವರೆ ತಿಂಗಳಿನಿಂದ ಇದೆ. ಬೇರೆಡೆ ಎರಡು ಸಲ ಆಂಟಿಬಯೋಟಿಕ್ ಕೊಟ್ಟಿದ್ದಾರೆ, ಇಳಿದಿಲ್ಲ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಕಳುಹಿಸುವ ಚೀಟಿಯಲ್ಲಿ ಏನೇನು ಬರೆಯಬೇಕು?

ಉತ್ತರ (ಕಿವಿ, ಮೂಗು, ಗಂಟಲು ತಜ್ಞರು, ಮೈಸೂರು): ನಮಸ್ಕಾರ. ಇವರಿಗೆ ಮೂರನೆಯ ಸಲ ಆಂಟಿಬಯೋಟಿಕ್ ಬೇಡ, ಈ ವಾರವೇ ಕಳುಹಿಸಿ. ವಯಸ್ಕರಲ್ಲಿ ಸೋಂಕಿನ ಲಕ್ಷಣವಿಲ್ಲದೆ ಎರಡು ವಾರ ಮೀರಿ ಉಳಿದ ಗಂಟನ್ನು, ಅದರಲ್ಲೂ ಅದು 1.5 ಸೆಂ.ಮೀ.ಗಿಂತ ದೊಡ್ಡದಾಗಿದ್ದರೆ, ಗಟ್ಟಿಯಾಗಿದ್ದರೆ ಅಥವಾ ಅಲುಗದಿದ್ದರೆ, ಬೇರೆ ಕಾರಣ ಸಾಬೀತಾಗುವವರೆಗೆ ಕ್ಯಾನ್ಸರ್ ಇರಬಹುದೆಂದೇ ನೋಡಬೇಕು. ನೋವಿಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ.

ರೋಗಿಯನ್ನು ಕೂರಿಸಿ, ಹಿಂದೆ ನಿಂತು, ಗಲ್ಲವನ್ನು ಸ್ವಲ್ಪ ತಗ್ಗಿಸಲು ಹೇಳಿ ಎರಡೂ ಬದಿ ಮುಟ್ಟಿ ನೋಡಿ. ಗಂಟು ಯಾವ ಬದಿಯಲ್ಲಿದೆ, ಕಿವಿಯ ಹಿಂದಿನಿಂದ ಎದೆಮೂಳೆಗೆ ಓರೆಯಾಗಿ ಇಳಿಯುವ ಸ್ನಾಯುವಿನ ಮುಂದಿದೆಯೋ, ಹಿಂದಿದೆಯೋ, ಅಡಿಯಲ್ಲಿದೆಯೋ ಎಂದು ಬರೆಯಿರಿ. ಗಾತ್ರವನ್ನು ಸ್ಕೇಲಿನಿಂದ ಉದ್ದ, ಅಗಲ ಎರಡೂ ಅಳೆದು ದಿನಾಂಕದೊಂದಿಗೆ ನಮೂದಿಸಿ. "ನಿಂಬೆಹಣ್ಣಿನಷ್ಟು" ಎಂದರೆ ಯಾರ ಹಿತ್ತಲಿನ ನಿಂಬೆ ಎಂದು ಮುಂದಿನ ವೈದ್ಯರಿಗೆ ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಅದು ಬೆಳೆದಿದೆಯೇ ಎಂದು ಹೇಳುವುದಕ್ಕೂ ಆಗುವುದಿಲ್ಲ. ಮೆತ್ತಗಿದೆಯೋ, ರಬ್ಬರಿನಂತಿದೆಯೋ, ಕಲ್ಲಿನಂತಿದೆಯೋ, ಒತ್ತಿದರೆ ನೋಯುತ್ತದೆಯೋ, ಮೇಲಿನ ಚರ್ಮ ಕೆಂಪಾಗಿದೆಯೋ ಎಂಬುದೂ ಇರಲಿ. ಗುಟುಕು ನೀರು ನುಂಗಿಸಿದಾಗ ಗಂಟು ಮೇಲೇರಿದರೆ ಥೈರಾಯ್ಡ್‌ಗೆ ಸೇರಿದ್ದಿರಬಹುದು. ನಡುಗೆರೆಯಲ್ಲಿದ್ದು, ನಾಲಿಗೆ ಹೊರಚಾಚಿದಾಗ ಮೇಲೇರುವುದು ಹುಟ್ಟಿನಿಂದ ಉಳಿದ ನಾಳದಲ್ಲಿ ದ್ರವ ತುಂಬಿದ ಚೀಲವಾದ ಥೈರೋಗ್ಲಾಸಲ್ ಸಿಸ್ಟ್‌ನ ಗುರುತು.

ಬಾಯಿಯನ್ನು ಟಾರ್ಚ್ ಹಾಕಿ ನೋಡದೆ ಚೀಟಿ ಮುಗಿಸಬೇಡಿ. ನಾಲಿಗೆಯ ಅಂಚು, ಕೆನ್ನೆಯ ಒಳಭಾಗ, ಟಾನ್ಸಿಲ್‌ಗಳಲ್ಲಿ ಹುಣ್ಣಿದೆಯೇ ಎಂದು ಬರೆಯಿರಿ. ಹೊಗೆಸೊಪ್ಪು ಎಷ್ಟು ವರ್ಷದಿಂದ, ದನಿ ಬದಲಾಗಿದೆಯೇ, ನುಂಗಲು ಕಷ್ಟವೇ, ತೂಕ ಇಳಿದಿದೆಯೇ, ಯಾವ ಔಷಧ ಎಷ್ಟು ದಿನ ಕೊಟ್ಟರು ಎಂಬುದೂ ಬೇಕು. ರೋಗದ ಹೆಸರನ್ನು ನೀವು ಊಹಿಸಿ ಬರೆಯಬೇಕಿಲ್ಲ. ಬೆರಳಿಗೆ ಸಿಕ್ಕಿದ್ದು, ಕಣ್ಣಿಗೆ ಕಂಡದ್ದು ಸಾಕು.

ಮರುಪ್ರಶ್ನೆ: ಕ್ಷಯದ ಗಂಟೂ ಆಗಿರಬಹುದಲ್ಲವೇ ಡಾಕ್ಟರೇ? ಹತ್ತಿರದಲ್ಲೇ ಕೊಯ್ಸಿ ಪರೀಕ್ಷೆಗೆ ಕಳುಹಿಸಬಹುದೇ?

ಉತ್ತರ: ಖಂಡಿತ ಆಗಿರಬಹುದು, ನಮ್ಮಲ್ಲಿ ಅದು ಅಪರೂಪವಲ್ಲ. ಹಲವು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಸಂಜೆ ಜ್ವರವಿದ್ದರೆ, ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ಚೀಟಿಯಲ್ಲಿ ಹೇಳಿ. ಆದರೆ ಕೊಯ್ಸಬೇಡಿ. ಮೊದಲು ಸೂಜಿಯಿಂದ ಮಾದರಿ ತೆಗೆಯುವ ಎಫ್‌ಎನ್‌ಎಸಿ ಆಗಬೇಕು; ಅದೇ ಮಾದರಿಯನ್ನು ಸಿಬಿನಾಟ್‌ಗೂ ಕಳುಹಿಸಿದರೆ ಕ್ಷಯದ ಪರೀಕ್ಷೆಯೂ ಆಗುತ್ತದೆ. ಕ್ಯಾನ್ಸರ್ ಗಂಟನ್ನು, ರೋಗ ಮೊದಲು ಎಲ್ಲಿ ಶುರುವಾಯಿತೆಂದು ಹುಡುಕದೆ ಕೊಯ್ದರೆ ಮುಂದಿನ ಚಿಕಿತ್ಸೆ ಕಠಿಣವಾಗುತ್ತದೆ. ಸ್ಟೀರಾಯ್ಡ್ ಮಾತ್ರೆಯೂ ಬೇಡ, ಅದು ಲಿಂಫೋಮಾದ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಗಂಟನ್ನು ತಾತ್ಕಾಲಿಕವಾಗಿ ಕರಗಿಸಿ ಪರೀಕ್ಷೆಯ ದಾರಿ ತಪ್ಪಿಸಬಹುದು.

ಉಸಿರಾಡುವಾಗ ಗೊರಗುಟ್ಟುವ ಸದ್ದು ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ನಾಲಿಗೆಯ ಅಡಿ ಊದಿಕೊಂಡು ಜೊಲ್ಲು ಸುರಿಯುತ್ತಿದ್ದರೆ ಈ ಅಳತೆ, ಬರವಣಿಗೆ ಎಲ್ಲವನ್ನೂ ಬದಿಗಿಟ್ಟು 108ಕ್ಕೆ ಕರೆಮಾಡಿ.